ಬಲಗಡೆ ಸೀಟಿನ ಭಾರ

ಭೂಮಿಗೆ ಭಾರ, ಅನ್ನಕ್ಕೆ ದಂಡ ಎಂದು ಹೆತ್ತವರಿಂದ ಹಿಡಿದು ಹಾದಿಹೋಕರವರೆಗೆ ಎಲ್ಲರೂ ಬೈದ ಆ ಮನುಷ್ಯನಿಗೆ ಒಂದೇ ಒಂದು ಕಡೆ ಕೆಲಸವಿತ್ತು. ತಮ್ಮನ ಗ್ಯಾರೇಜಿನಲ್ಲಿ ಭಾರವಾಗಿ ಕೂರುವುದು.

ತಮಾಷೆಯಲ್ಲ, ನಿಜವಾದ ಕೆಲಸ. ತಮ್ಮ ಹಗಲೆಲ್ಲ ಗ್ಯಾರೇಜಿನ ಗುಂಡಿಯಲ್ಲಿ ನಿಂತು ಗಾಡಿಗಳ ಹೊಟ್ಟೆ ನೋಡುತ್ತಿದ್ದವನು. ಅದಕ್ಕೇ ಅವನಿಗೆ ಗುಂಡಿ ಮೇಸ್ತ್ರಿ ಎಂದು ಹೆಸರು. ಹಳೇ ಕಾರುಗಳ ಹಿಂಬದಿಯ ಭಾರ ಹೊರುವ ಕಮಾನು ಪಟ್ಟಿ ಬದಲಾಯಿಸುವುದರಲ್ಲಿ ಪಳಗಿದ ಕೈ. ಪಟ್ಟಿಯ ತುದಿಗಳಲ್ಲಿ ರಬ್ಬರ್ ಬುಷ್ ಇರುತ್ತವೆ. ಓಡಿಸುವವನ ಭಾರ ಬೀಳದೆ ಬೋಲ್ಟು ಬಿಗಿದರೆ ಆ ರಬ್ಬರು ತಿರುಚಿಕೊಂಡು ಬೇಗ ಹರಿದುಹೋಗುತ್ತದೆ. ಹಾಗಾಗಿ ಕೊನೆಯ ಬಿಗಿತಕ್ಕೆ ಅಣ್ಣ ಸೀಟಿನಲ್ಲಿ ಕೂರಬೇಕು, ತಮ್ಮ ಕೆಳಗಿಂದ ಪಾನಾ ತಿರುಗಿಸಬೇಕು.

"ನೋಡೋ, ನಾನು ತಿಂದಿದ್ದು ಒಂದು ತುತ್ತೂ ದಂಡ ಆಗಿಲ್ಲ" ಎಂದು ಅಣ್ಣ ಮೇಲಿಂದ ಕೂಗುತ್ತಿದ್ದ. ಕೆಲಸ ಮುಗಿಸಿದ ತಮ್ಮ ಹಿಂದಿನ ಮಡ್‌ಗಾರ್ಡಿಗೆ ಅಂಗೈಯಿಂದ ಬಡಿದು "ಇಳಿಯಣ್ಣ" ಎನ್ನುವವರೆಗೆ ಅಲುಗುತ್ತಿರಲಿಲ್ಲ. ಪಕ್ಕದಲ್ಲಿ ಬೆಂಕಿ ಬಿದ್ದರೂ ಇಲ್ಲ. ಬದುಕಿನಲ್ಲಿ ಅವನು ಪಾಲಿಸಿದ ಶಿಸ್ತು ಅದೊಂದೇ.

ಸತ್ತದ್ದೂ ಹಾಗೇ ಕೂತುಕೊಂಡೇ. ವಕೀಲರೊಬ್ಬರ ಹಸಿರು ಬಣ್ಣದ ಹಳೇ ಬ್ರಿಟಿಷ್ ಸ್ಪೋರ್ಟ್ಸ್ ಕಾರು, ತಲೆಯ ಮೇಲೆ ಸೂರಿಲ್ಲದ್ದು, ಎರಡೇ ಸೀಟು. ಸವೆದ ಪಟ್ಟಿ, ಬುಷ್ಷು ಎಲ್ಲ ತೆಗೆದು ಹೊಸದು ಹಾಕಿ ಆಗಿತ್ತು. ಬಲಗಡೆಯ ಒಂದು ಬೋಲ್ಟು ಮಾತ್ರ ಉಳಿದಿತ್ತು. ಮೇಲೆ ಅಣ್ಣನ ಮಾತು ನಿಂತಿತು. ನಿದ್ದೆ ಹೋಗಿರಬೇಕು ಎಂದುಕೊಂಡು ತಮ್ಮ ಗುಂಡಿಯೊಳಗೆ ಒಬ್ಬನೇ ವಟಗುಟ್ಟುತ್ತಿದ್ದ. ಅಷ್ಟರಲ್ಲಿ ಚಹಾ ತಂದ ಅತ್ತಿಗೆಯ ಕೈಯಿಂದ ಲೋಟ ಬಿದ್ದ ಸದ್ದಾಯಿತು. ಹೆಣ ಎತ್ತಲು ಬೀದಿಯ ಗಂಡಸರೆಲ್ಲ ಸೇರಬೇಕಾಯಿತು. ಆ ಗದ್ದಲದಲ್ಲಿ ಮಡ್‌ಗಾರ್ಡು ಬಡಿಯುವ ನೆನಪು ಯಾರಿಗಿರುತ್ತದೆ?

ಅಂದಿನಿಂದ ಮೇಸ್ತ್ರಿ ಗುಂಡಿಗೆ ಇಳಿದಿರಲಿಲ್ಲ. ಪಾನಾ ಹಿಡಿದು ಮೆಟ್ಟಿಲವರೆಗೆ ಹೋಗುವುದು, ತಿರುಗಿ ಬರುವುದು. ಕಾರು ಅಲ್ಲೇ ನಿಂತಿತ್ತು, ಬಲಕ್ಕೆ ವಾಲಿಕೊಂಡು. ಸಡಿಲ ಬೋಲ್ಟು, ವಾಲದೆ ಇನ್ನೇನು ಮಾಡೀತು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಸ್ಟೀರಿಂಗಿನ ಮೇಲೆ ಧೂಳು, ಎಡಗಡೆ ಸೀಟಿನ ಮೇಲೆ ಧೂಳು, ಬಾಗಿಲ ಮೇಲೆ ಬೆರಳಲ್ಲಿ ಬರೆಯುವಷ್ಟು ಧೂಳು. ಬಲಗಡೆ ಸೀಟು ಮಾತ್ರ ಈಗಷ್ಟೇ ಯಾರೋ ಕೂತೆದ್ದ ಹಾಗೆ ನುಣ್ಣಗಿತ್ತು. ಅದಕ್ಕೆ ಹೇಳಿಕೊಳ್ಳಲು ಸಮಾಧಾನ ಸಿಕ್ಕಿರಲಿಲ್ಲ.

ಕೊನೆಗೆ ಅತ್ತಿಗೆಯೇ ಬಂದು ನಿಂತಳು. "ವಕೀಲರು ಸಂಜೆ ಗಾಡಿ ಒಯ್ತಾರಂತೆ. ಇವತ್ತು ನೀನು ಇಳೀಲಿಲ್ಲ ಅಂದ್ರೆ ಇನ್ನು ಯಾವತ್ತೂ ಇಳಿಯಲ್ಲ. ಗುಂಡಿಗೆ ಮಣ್ಣು ತುಂಬಿಸಿ ಬಾಗಿಲು ಹಾಕ್ಕೋ."

"ಭಾರಕ್ಕೆ ಯಾರು ಕೂರ್ತಾರೆ ಅತ್ತಿಗೆ?"

"ನಾನಿಲ್ವಾ?"

"ನೀವಾ? ಗಾಳಿ ಬೀಸಿದ್ರೆ ಹಾರಿಹೋಗ್ತೀರ. ಬಲಗಡೆ ಕೂತು ಈ ಮರಳು ಮೂಟೆ ಮಡಿಲಲ್ಲಿ ಇಟ್ಕೊಳ್ಳಿ."

ಇಷ್ಟು ಹೇಳಿ, ಮನಸ್ಸು ಬದಲಾಗುವ ಮೊದಲೇ ಇಳಿದುಬಿಟ್ಟ. ಒಳಗೆ ಹಳೇ ಎಣ್ಣೆಯ ವಾಸನೆ. ಮೇಲೆ ಬಾಗಿಲು ತೆಗೆದ ಸದ್ದು, ಸೀಟು ಕಿರ್ ಎಂದ ಸದ್ದು. ಗುಂಡಿಯ ಅಂಚಿಗೆ ಅಳತೆ ಕೋಲು ನಿಲ್ಲಿಸಿದ. ಅಣ್ಣ ಕೂತಾಗ ಚಾಸಿಸ್ ಎಲ್ಲಿಗೆ ಇಳಿಯುತ್ತದೆಂದು ಅವತ್ತೇ ಅದರ ಮೇಲೆ ಮೊಳೆಯಿಂದ ಗೀರಿದ್ದ. ಬಲಗಡೆಯ ಚಾಸಿಸ್ ಸರಿಯಾಗಿ ಆ ಗೀರಿನ ಮೇಲಿತ್ತು. ಕೂದಲೆಳೆಯ ಹೆಚ್ಚುಕಮ್ಮಿಯಿಲ್ಲ.

"ಅತ್ತಿಗೆ, ಮೂಟೆ ಇಟ್ಕೊಂಡ್ರಾ?"

"ಇಲ್ಲಪ್ಪ, ಎತ್ತೋಕಾಗ್ಲಿಲ್ಲ. ನೆಲದ ಮೇಲೇ ಇದೆ."

ಮೇಸ್ತ್ರಿ ಗೀರನ್ನು ಮತ್ತೊಮ್ಮೆ ನೋಡಿದ. ಆದರೂ ಕೈ ನಿಲ್ಲಲಿಲ್ಲ. ಕೈಗೆ ಅದರದೇ ಬುದ್ಧಿ ಇರುತ್ತದೆ. ಪಾನಾ ಕೂರಿಸಿ, ಹಲ್ಲು ಕಚ್ಚಿ ಎಳೆದ. ಬೋಲ್ಟು ಕಚ್ಚಿಕೊಂಡಿತು. ಮೇಲೆ ಯಾರೋ ದಪ್ಪ ಗಂಟಲಲ್ಲಿ ಉಸಿರು ಬಿಟ್ಟಂತಾಯಿತು. ಅತ್ತಿಗೆಯ ಗಂಟಲು ಅಷ್ಟು ದಪ್ಪವಿಲ್ಲ.

ಹತ್ತಿ ಬಂದು ನೋಡಿದರೆ ಅತ್ತಿಗೆ ಎಡಗಡೆ ಸೀಟಿನಲ್ಲಿ, ಬಾಗಿಲಿಗೆ ಒತ್ತಿಕೊಂಡು, ಮೈಯನ್ನೆಲ್ಲ ಮುದುಡಿ ಕೂತಿದ್ದಳು. ಬಸ್ಸಿನಲ್ಲಿ ದಢೂತಿ ಮನುಷ್ಯನ ಪಕ್ಕ ಸಿಕ್ಕಿಬಿದ್ದವರು ಕೂರುವಂತೆ.

"ಬಲಗಡೆ ಕೂರಿ ಅಂದಿದ್ನಲ್ಲ ಅತ್ತಿಗೆ?"

"ಬಲಗಡೆ ಎಲ್ಲಿದೆ ಜಾಗ?" ಎಂದಳು ಆಕೆ, ಅತ್ತ ತಿರುಗದೆ.

ದೆವ್ವ ಭೂತ ಎಂದವರನ್ನು ಗೇಲಿ ಮಾಡಿಕೊಂಡೇ ತಲೆ ನರೆತವನು ಮೇಸ್ತ್ರಿ. ಈಗ ನುಣ್ಣನೆ ಸೀಟಿನ ತಗ್ಗು ನೋಡಿದ. ವಾಲಿದ ಗಾಡಿ ನೋಡಿದ. ಬೋಲ್ಟು ಬಿಗಿದಿದೆ, ಗಾಡಿ ಇನ್ನೂ ವಾಲಿದೆ. ಆಮೇಲೆ ಹಿಂದಕ್ಕೆ ಹೋಗಿ ಮಡ್‌ಗಾರ್ಡಿಗೆ ಅಂಗೈಯಿಂದ ಬಡಿದ.

"ಇಳಿಯಣ್ಣ. ಮುಗೀತು."

ಬಲಗಡೆಯ ಬಾಗಿಲು ತೆರೆಯಲಿಲ್ಲ, ಏನಿಲ್ಲ. ಗಾಡಿಯ ಹಿಂಭಾಗ ಮಾತ್ರ ನಿಧಾನಕ್ಕೆ, ಹೊಸ ಪಟ್ಟಿಗಳು ನಿಟ್ಟುಸಿರಿಟ್ಟಂತೆ, ಮೇಲೆದ್ದು ನೆಟ್ಟಗೆ ನಿಂತಿತು. ಸೀಟಿನ ತಗ್ಗು ತುಂಬಿಕೊಂಡಿತು.

ಅತ್ತಿಗೆ ಇಳಿದು ಸೆರಗಿನ ಧೂಳು ಕೊಡವಿದಳು. "ಇಷ್ಟು ಹೇಳೋಕೆ ಇಷ್ಟು ದಿನ ಬೇಕಾಯ್ತಾ ನಿಂಗೆ?" ಎಂದಳು. "ನಿಮ್ಮಣ್ಣ ಹೊಟ್ಟೆಗಿಲ್ದೆ ಕೂತಿದ್ರು. ನಾನು ಒಲೆ ಹಚ್ತೀನಿ."

ಗ್ಯಾರೇಜಿನ ಬಾಗಿಲಲ್ಲಿ ನಿಂತು ಮೇಸ್ತ್ರಿ ನೋಡಿದ. ಅಷ್ಟಗಲದ ಖಾಲಿ ಓಣಿಯಲ್ಲಿ ಅತ್ತಿಗೆ ಗೋಡೆಗೆ ಸವರಿಕೊಂಡೇ ನಡೆಯುತ್ತಿದ್ದಳು, ಪಕ್ಕದವನಿಗೆ ಜಾಗ ಬಿಟ್ಟು.