ಗೋಲಿನ ಹಿಂದಿನಿಂದ ಕೂಗಿದ ಮಾತು

ನಿನ್ನೆ ಮೊಮ್ಮಗಳು ರೂಪ ಹೊಸ್ತಿಲ ಹತ್ರ ಬೂಟು ಬಿಚ್ಚಿ ಹಾಕಿದಳು ನೋಡಿ, ಹಸಿ ಕೆರೆಮಣ್ಣಿನ ವಾಸನೆ ಗಪ್ಪಂತ ಮೂಗಿಗೆ ಬಡೀತು. "ಅಜ್ಜೀ, ಕೆರೆಯಾಚೆಯೋರನ್ನ ಸೋಲಿಸಿಬಿಟ್ವಿ! ಎರಡು ಗೋಲು, ಎರಡೂ ನಂದೇ ಕಣಜ್ಜಿ!" ಅಂತ ನನ್ನನ್ನೇ ಸೊಂಟ ಹಿಡಿದು ಎತ್ತಿದಳು. ಇಳಿಸೇ, ಮೂಳೆ ಮುರಿದೀತು ಅಂದೆ. ಇಳಿಯೋಕೆ ಮನಸ್ಸೇನೂ ಇರಲಿಲ್ಲ. ನಾನು ಓದಿದ್ದು ಮೂರನೇ ಕ್ಲಾಸು, ಇಂಥ ಖುಷೀನ ಹೆಂಗೆ ಬರೀಬೇಕೋ ತಿಳೀದು. ಬೀದಿಬೀದಿ ತಿರುಗಿ ಎಲ್ಲರಿಗೂ ಹೇಳಿ ಬಂದೆ. ಬಂದು ಆ ಬೂಟು ತೊಳೆಯೋಕೆ ಕೂತಾಗ ಅಳು ಒತ್ತರಿಸಿ ಬಂತು.

ಅದೇ ಕೆರೆ ಅಂಗಳದಲ್ಲಿ ನಮ್ಮಣ್ಣ ಕಿಟ್ಟಣ್ಣನೂ ಫುಟ್‌ಬಾಲ್ ಆಡ್ತಿದ್ದ. ಬೈರಕೂರು ರಸ್ತೆ ಅಗಲ ಮಾಡಿದಾಗ ಹೋಯ್ತಲ್ಲ ನಮ್ಮ ಮಣ್ಣಿನ ಮನೆ, ಅದರ ತೊಲೆಗೆ ಅವನ ಚೆಂಡು ನೇತಾಡ್ತಿತ್ತು, ಬಿತ್ತನೆ ಜೋಳದ ತೆನೆ ಪಕ್ಕ. ಚರ್ಮ ಬಿರೀಬಾರದು ಅಂತ ಹೊಂಗೆ ಎಣ್ಣೆ ಸವರೋ ಕೆಲಸ ನಂದು. ಗೋಲು ಕಾಯೋನು ಪಕ್ಕದ ಮನೆ ನಾರಾಯಣಣ್ಣ. ಇಬ್ಬರೂ ಒಂದೇ ತಟ್ಟೇಲಿ ಮುದ್ದೆ ಮುರಿಯೋರು, 'ಲೇ' ಇಲ್ಲದೆ ಒಬ್ಬರನ್ನೊಬ್ಬರು ಕರೆದೋರೇ ಅಲ್ಲ. "ನಿಮ್ಮಿಬ್ಬರಿಗೂ ಸೇರಿ ಒಬ್ಬಳೇ ಹೆಣ್ಣು ನೋಡ್ಬೇಕಾಗತ್ತೆ ಕಣ್ರೋ" ಅಂತ ಅವ್ವ ನಗೋಳು.

ಹುಡುಗೀರು ಆಡೋ ಹಾಗಿರಲಿಲ್ಲ. ನೀರಿನ ಬಿಂದಿಗೆ ಕೊಟ್ಟು ನನ್ನನ್ನ ನಮ್ಮ ಗೋಲಿನ ಹಿಂದೆ ನಿಲ್ಲಿಸಿದ್ರು. ಆವತ್ತೂ ಕೆರೆಯಾಚೆಯೋರ ಮೇಲೇ ಪಂದ್ಯ, ಸಮಸಮ ನಡೀತಿತ್ತು. ಚೆಂಡು ಉರುಳ್ತಾ ಗೋಲಿನ ಪಕ್ಕಕ್ಕೆ ಹೊರಗೆ ಹೋಗ್ತಿತ್ತು. ಅಣ್ಣ ಅದರ ಹಿಂದೆ ಓಡಿ ಬಂದ. ಮನೆಯಲ್ಲಿ ನಮ್ಮದು ತೆಲುಗು, ಬೀದಿಯಲ್ಲಿ ಕನ್ನಡ. ಬಿಟ್ಟುಬಿಡು ಅನ್ನೋದಕ್ಕೆ ತೆಲುಗಲ್ಲಿ "ಒದಿಲೇ!" ಅಂತ ಕಿರುಚಿದೆ. ಆಟದ ಗದ್ದಲದಲ್ಲಿ ಅಣ್ಣನ ಕಿವಿಗೆ ಅದು ಕನ್ನಡವಾಗಿ ಬಿತ್ತು: ಒದಿ, ಲೇ! ಒದ್ದೇ ಒದ್ದ. ಅಡ್ಡಾದಿಡ್ಡಿ ತಗುಲಿ ಚೆಂಡು ನಮ್ಮ ಗೋಲಿಗೇ ನುಗ್ಗಿತು.

"ಏನ್ ಅಳಿಯಂದಿರೇ, ನಮ್ಮೂರಿಗೆ ಗೋಲಿನ ಮುಯ್ಯಿ ಹಾಕಿದ್ರಲ್ಲ!" ಅಂತ ಕೆರೆಯಾಚೆಯೋರು ಶಿಳ್ಳೆ ಹೊಡೆದ್ರು. ಅಣ್ಣ ನಾರಾಯಣಣ್ಣನ ಕೊರಳಪಟ್ಟಿ ಹಿಡಿದು "ಒದಿ ಅಂದೋನು ನೀನೇ ತಾನೇ, ಏನ್ಲಾ?" ಅಂದ. ಅವನು ಬಾಯಿ ಬಿಡಲಿಲ್ಲ. ನಾನೂ ಬಿಡಲಿಲ್ಲ. ಸಂತೆಗೆ ಹೋದರೂ 'ಅಳಿಯ' ಅಂತಲೇ ಕರೆಸಿಕೊಂಡ ಅಣ್ಣ ಆಟ ಬಿಟ್ಟ, ನಾರಾಯಣಣ್ಣನ ಜೊತೆ ಮಾತು ಬಿಟ್ಟ. ಹೊಸ ಮನೆ ಕಟ್ಟಿದ ಮೇಲೂ ಒಂದೇ ಗೋಡೆಯ ಆಚೀಚೆ ಇದ್ದು ಇಬ್ಬರೂ ಮುದುಕರಾದರು. ಅಣ್ಣ ಹೋದ ವರ್ಷ ಸತ್ತಾಗಲೂ ನಾರಾಯಣಣ್ಣ ದೂರದಲ್ಲೇ ನಿಂತಿದ್ದ.

ರೂಪ ಗೆದ್ದ ಸುದ್ದಿಗೆ ಇವತ್ತು ಬೆಳಗ್ಗೆ ಮೈಸೂರ್‌ಪಾಕ್ ಕಟ್ಟಿಕೊಂಡು ನಾರಾಯಣಣ್ಣನ ಮನೆಗೆ ಹೋದೆ. ಜಗಲಿ ಮೇಲೆ ಕೂತಿದ್ದ.

"ನಾರಾಯಣಣ್ಣಾ, ಆವತ್ತು ಕೂಗಿದ್ದು ನಾನು" ಅಂದೆ.

"ಗೊತ್ತು ಕಣಮ್ಮ. ನನ್ನ ಬೆನ್ನ ಹಿಂದೇನೇ ತಾನೇ ಕೂಗಿದ್ದು."

"ಮತ್ಯಾಕೆ ಹೇಳ್ಲಿಲ್ಲ?"

"ನಿಮ್ಮಪ್ಪ ಬಾರುಕೋಲು ಹಿಡಿದು ಅಲ್ಲೇ ನಿಂತಿದ್ದ. ನೀನು ಇಷ್ಟುದ್ದ ಇದ್ದೆ. ನಾಲ್ಕು ದಿನ ಹೋಗ್ಲಿ, ಕಿಟ್ಟಂಗೆ ಹೇಳೋಣ ಅಂತಿದ್ದೆ. ಅಷ್ಟರಲ್ಲಿ ಅವನು ಮಾತೇ ಬಿಟ್ಟನಲ್ಲ."

ಮೈಸೂರ್‌ಪಾಕ್ ಪೊಟ್ಟಣ ಬಿಚ್ಚುತ್ತಾ, ನಿನ್ನ ಮೊಮ್ಮಗಳು ಯಾವ ಕಾಲಲ್ಲಿ ಹೊಡೀತಾಳೆ ಅಂತ ಕೇಳಿದ. ಎಡಗಾಲು, ಕಿಟ್ಟಣ್ಣನ ಥರಾನೇ ಅಂದೆ. ನಾರಾಯಣಣ್ಣ ಹೆಗಲ ಟವಲ್ಲಿನಲ್ಲಿ ಮುಖ ಮುಚ್ಚಿಕೊಂಡ. ಅವನ ಬೆನ್ನು ತಟ್ಟಿ "ಏಳೋ ಲೇ" ಅನ್ನೋ ಹಕ್ಕಿದ್ದೋನು ಒಬ್ಬನೇ. ಅವನನ್ನ ನಾವು ಮಣ್ಣು ಮಾಡಿ ಬಂದಿದ್ದೀವಿ.