ಟೈಲರಮ್ಮನ ಹಲಗೆಯ ಬೀಗದಕೈಗಳು

ಟೈಲರಮ್ಮನ ಅಂಗಡಿಯಲ್ಲಿದ್ದದ್ದು ಒಂದು ಹೊಲಿಗೆ ಮಷಿನ್ನು, ಒಂದು ಬೆಂಚು, ಗೋಡೆಗೊಂದು ಹಲಗೆ. ಹಲಗೆಯ ತುಂಬ ಮೊಳೆ, ಮೊಳೆಗೊಂದು ಬೀಗದಕೈ. ಕೆಲಸಕ್ಕೆ ಹೋಗುವವರೆಲ್ಲ ಮನೆಯ ಇನ್ನೊಂದು ಬೀಗದಕೈಯನ್ನು ಅವಳ ಹತ್ತಿರ ಬಿಟ್ಟು ಹೋಗುವುದು ಆ ಬೀದಿಯ ರೂಢಿ. ಯಾವುದು ಯಾರದ್ದೆಂದು ಬರೆಯುತ್ತಿರಲಿಲ್ಲ. ಆ ಮನೆಯವರಿಗೆ ಹೊಲಿದ ಬಟ್ಟೆಯ ಚೂರೊಂದನ್ನು ಕಟ್ಟಿಡುತ್ತಿದ್ದಳು. ಶಾಲೆಯಿಂದ ಬಂದ ಮಕ್ಕಳಿಗೂ ಸಿಲಿಂಡರ್ ತಂದವನಿಗೂ ಬಾಗಿಲು ತೆಗೆಯುವವಳು ಅವಳೇ. ಗಂಡ ಹೋದಮೇಲೆ ಅವಳು ತಲೆಯೆತ್ತಿ ಓಡಾಡಿದ್ದು ಆ ಹಲಗೆಯ ಬಲದಿಂದ.

ನೀಲಿ ಹೂವಿನ ಚೂರು ಕಟ್ಟಿದ್ದು ನರ್ಸಕ್ಕನ ಬೀಗದಕೈಗೆ. ರಿಟೈರಾದ ಒಂಟಿ ಹೆಂಗಸು, ಸಕ್ಕರೆ ಕಾಯಿಲೆ. ಊರಿಗೆಲ್ಲ ಸೂಜಿ ಚುಚ್ಚಿದವಳು ಈಗ ತನಗೇ ಚುಚ್ಚಿಕೊಳ್ಳುತ್ತಿದ್ದಳು. "ನಾವಿಬ್ರೂ ಸೂಜಿ ನಂಬ್ಕೊಂಡು ಬದುಕಿದೋರು," ಎಂದು ನಗುತ್ತ ದಿನಾ ಬೆಳಿಗ್ಗೆ ಅಂಗಡಿಗೆ ಟೀ ಕುಡಿಯಲು ಬರುವಳು. ಬರದಿದ್ದ ದಿನ ಟೈಲರಮ್ಮ ಬೀಗದಕೈ ಹಿಡಿದು ಓಡುವಳು. ಹಾಗೆ ಓಡಿ, ಸೂಜಿಮದ್ದಿಗೆ ಸಕ್ಕರೆ ತೀರ ಇಳಿದು ಬಿದ್ದಿದ್ದವಳ ಬಾಯಿಗೆ ಎರಡು ಸಲ ಸಕ್ಕರೆ ನೀರು ಹಾಕಿ ಉಳಿಸಿದ್ದಳು.

ಆಮೇಲೆ ಹಿಂದಿನ ಬೀದಿಯಲ್ಲಿ ಒಂದು ಕಳ್ಳತನವಾಯಿತು. ಬೆಂಚಿನ ಮೇಲೆ ಕೂತವರ ಬಾಯಲ್ಲಿ ಸಂಜೆಯೊಳಗೆ ಒಂದು ನಾಲ್ಕಾಯಿತು. ಪಕ್ಕದ ಬಡಾವಣೆಯಲ್ಲಿ ಸರ ಕಿತ್ತರಂತೆ, ಹೆದ್ದಾರಿ ಬದಿಯಲ್ಲಿ ಚಾಕು ತೋರಿಸಿದರಂತೆ. ಎಲ್ಲ 'ಅಂತೆ'ಗಳೇ. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿ ಏನು ಪ್ರಯೋಜನ ಎಂದರು ಪೇಪರ್ ಓದುವ ಗುಮಾಸ್ತರು. ಹೇಳಿ ಅವರ ಕಣ್ಣು ಹಲಗೆಯ ಕಡೆ ಹೋಯಿತು. ಯಾರೂ ಅವಳನ್ನು ಕಳ್ಳಿ ಅನ್ನಲಿಲ್ಲ, ಪಾಪ, ಎಲ್ಲರೂ ಸಭ್ಯರು. ಒಬ್ಬರಿಗೆ ಊರಿಂದ ಮಾವ ಬರುವವರಿದ್ದರು, ಇನ್ನೊಬ್ಬರ ಬೀಗ ಕೆಟ್ಟಿತ್ತು. ವಾರ ಕಳೆಯುವಷ್ಟರಲ್ಲಿ ಹಲಗೆ ಬೋಳಾಯಿತು.

ಕೊನೆಗೆ ನರ್ಸಕ್ಕನೂ ಬಂದು, ಮುಖ ನೋಡದೆ ನಿಂತಳು.

"ತಮ್ಮ ಹೊಸ ಬೀಗ ಹಾಕಿಸ್ತಿದಾನೆ ಕಣೆ. ಹಳೇದನ್ನೂ ಇಸ್ಕೊಂಡು ಬಾ ಅಂದ. ಬೇಜಾರು ಮಾಡ್ಕೋಬೇಡ."

"ನಂಗ್ಯಾಕೆ ಬೇಜಾರು? ನಿಮ್ಮನೆ, ನಿಮ್ಮ ಬೀಗ."

ಇಷ್ಟು ವರ್ಷ ನರ್ಸಕ್ಕನನ್ನು 'ನೀನು' ಅಂದ ಬಾಯಿ ಅದು. ನರ್ಸಕ್ಕನ ಕಣ್ಣು ತುಂಬಿತು. ಟೈಲರಮ್ಮ ನೋಡಿಯೂ ನೋಡದವಳಂತೆ ಮಷಿನ್ನು ತುಳಿದಳು.

ನರ್ಸಕ್ಕ ಟೀಗೆ ಬರುವುದನ್ನು ಬಿಡಲಿಲ್ಲ, ಆದರೆ ಮಾತು ಬತ್ತಿತ್ತು. ಒಂದು ಬೆಳಿಗ್ಗೆ ಬರಲಿಲ್ಲ. ಟೈಲರಮ್ಮ ಎದ್ದಳು, ಕೈ ಅಭ್ಯಾಸದಂತೆ ಖಾಲಿ ಮೊಳೆಗೆ ಹೋಯಿತು. ಅಲ್ಲೇ ಕೋಪ ಬಂತು. ಬೀಗದಕೈ ಒಯ್ದವಳಿಗೆ ಬರಲೂ ಗೊತ್ತಿರಬೇಕು ಎಂದು ಮತ್ತೆ ಕೂತಳು. ಗುಂಡಿ ಹಚ್ಚಿದಳು, ಅಂಚು ಮಡಿಚಿದಳು. ಟೀ ಆರಿ ಕೆನೆಗಟ್ಟಿತು. ಬಿಸಿಲೇರಿದ ಮೇಲೆ ತಡೆಯಲಾರದೆ ಹೋಗಿ ಬಾಗಿಲು ಬಡಿದಳು, ಕೂಗಿದಳು. ಹೊಸ ಬೀಗ ಗಟ್ಟಿಯಾಗಿತ್ತು. ನಗರದ ಆ ತುದಿಯಿಂದ ತಮ್ಮ ಬಂದು ತೆರೆಯುವಷ್ಟರಲ್ಲಿ ಎಲ್ಲ ಮುಗಿದಿತ್ತು. ಬೆಳಿಗ್ಗೆಯೇ ಒಂದು ಚಮಚ ಸಕ್ಕರೆ ಸಿಕ್ಕಿದ್ದರೆ ಬದುಕುತ್ತಿದ್ದರು ಎಂದರು ಡಾಕ್ಟರು.

ಹಿಂದಿನ ಬೀದಿಯ ಕಳ್ಳನೂ ಸಿಕ್ಕಿದ. ಕಳುವಾದ ಮನೆಯವರ ಅಕ್ಕನ ಮಗನೇ. ಬೀದಿಯವರು ಒಬ್ಬೊಬ್ಬರಾಗಿ ಬೀಗದಕೈ ತಂದು ಮಷಿನ್ನಿನ ಮೇಲಿಟ್ಟು, ಏನೂ ಆಗಿಲ್ಲವೆಂಬಂತೆ ಹೋದರು. ಅವಳು ಯಾವುದನ್ನೂ ಮೊಳೆಗೆ ಹಾಕಲಿಲ್ಲ.

ಆಮೇಲೆ ನರ್ಸಕ್ಕನ ತಮ್ಮ ಬಂದ. ಮನೆ ನೋಡಲು ಜನ ಬರಬಹುದು, ಇಲ್ಲಿರಲಿ ಎಂದು ಹೊಸ ಬೀಗದಕೈ ಚಾಚಿದ. ಬೈಯಬೇಕೆಂದಿದ್ದಳು; ಆದರೆ ಆ ಬೆಳಿಗ್ಗೆ ಎದ್ದು ಹೋಗದೆ ಕೂತಿದ್ದವಳು ತಾನೇ ಅಲ್ಲವೇ? ಇಸಿದುಕೊಂಡು ನೀಲಿ ಹೂವಿನ ಚೂರು ಹುಡುಕಿ ಕಟ್ಟಿ, ಹಳೆಯ ಮೊಳೆಗೆ ಹಾಕಿದಳು.

ಮರುದಿನ ಬೆಳಿಗ್ಗೆ ಕೈ ತಾನಾಗಿ ಎರಡು ಲೋಟ ಟೀ ಬಸಿಯಿತು. ಅವಳು ಮೊಳೆಯಿಂದ ಬೀಗದಕೈ ತೆಗೆದುಕೊಂಡು ಹೋದಳು. ಬಾಗಿಲು ಸಲೀಸಾಗಿ ತೆರೆಯಿತು. ಹೊಸ್ತಿಲಲ್ಲೇ ನಿಂತಳು.

"ಬಂದೆ ಕಣೇ ಅಕ್ಕಾ," ಅಂದಳು.