ಕೊತಕೊತನೂ ಅಮ್ಮನ ಪಿಕಪ್ಪೂ

ರೇಡಿಯೇಟರ್ ರಿಪೇರಿ ಮಾಡುವವನು ತಣ್ಣಗಿರಬೇಕು ಎಂಬ ನಿಯಮ ಎಲ್ಲೂ ಇಲ್ಲ. ಇದ್ದಿದ್ದರೆ ನಮ್ಮ ಬೀದಿಯ ಕೊತಕೊತ ಎಂದೋ ಅಂಗಡಿ ಮುಚ್ಚಬೇಕಾಗುತ್ತಿತ್ತು. ಅವನಿಗೆ ಈ ಹೆಸರಿಟ್ಟವಳು ಹೆಂಡತಿಯಲ್ಲ, ಹೆತ್ತ ತಾಯಿ. ಚಪ್ಪಲಿ ಕಾಲಿಗೆ ಹೋಗಲಿಲ್ಲವೆಂದು ಚಪ್ಪಲಿಯನ್ನೇ ಕಚ್ಚಿದ ಮಗು ಅವನು. ಈಗ ಐವತ್ತು ದಾಟಿದೆ. ಕಚ್ಚುವುದು ಬಿಟ್ಟಿದ್ದಾನೆ, ಬೈಯುವುದನ್ನು ಮಾತ್ರ ದಿನಾ ಸಾಣೆ ಹಿಡಿಯುತ್ತಾನೆ. ನಟ್ಟು ಬಿಗಿಯಾಗಿದ್ದರೆ ನಟ್ಟಿಗೆ ಬೈಗುಳ, ಸಡಿಲವಾಗಿದ್ದರೆ ಅದನ್ನು ಹಾಕಿದವನ ವಂಶಕ್ಕೆ. ಅವನು ಹಾಕಿದ ಬೆಸುಗೆ ಬಿಟ್ಟಿತೆಂದು ಇದುವರೆಗೆ ಯಾರೂ ವಾಪಸು ಬಂದಿಲ್ಲ. ಬರುವ ಧೈರ್ಯವೂ ಯಾರಿಗೂ ಇಲ್ಲ ಅನ್ನಿ.

ಆ ದಿನ ಬೆಳಿಗ್ಗೆ ಅಂಗಡಿಯ ಮುಂದೆ ಹಬೆ ಕಾರುತ್ತ ಬಂದು ನಿಂತದ್ದು ಅವನ ಅಮ್ಮನ ಪಿಕಪ್. ಅವನಿಗಿಂತ ಹಿರಿಯ ಗಾಡಿ. ಗುಂಡು ಮೂತಿ, ಬಾಗಿಲ ಮೇಲೆ ಅರ್ಧ ಅಳಿಸಿದ 'ಲಾಂಡ್ರಿ' ಎಂಬ ಅಕ್ಷರ. ಹೋಟೆಲುಗಳ ಹಾಸಿಗೆ ಬಟ್ಟೆ ಒಗೆದು, ಇದರಲ್ಲೇ ಹೇರಿಕೊಂಡು ಹೋಗಿ ಅಮ್ಮ ಸಂಸಾರ ತೂಗಿಸಿದ್ದಳು. ಕೊತಕೊತ ಇದರ ಸೀಟಿನಲ್ಲಿ, ಬಿಸಿ ಬಟ್ಟೆಯ ಗಂಟಿಗೆ ಒರಗಿ ಬೆಳೆದವನು. ಅಮ್ಮ ಹೋದ ಮೇಲೆ ಲಾಂಡ್ರಿಯೂ ಗಾಡಿಯೂ ಅಕ್ಕನ ಪಾಲಿಗೆ ಬಂದವು. ಅಮ್ಮನ ಸಿಟ್ಟು ಪೂರ್ತಿ ಇವನ ಪಾಲಿಗೆ.

ಅಕ್ಕ ಇಳಿದಳು. "ಲೋ, ಕೇಳಿಸ್ಕೋ. ಒಂದು ತಿಂಗಳಿಂದ ಗುಡ್ಡದ ಹೋಟೆಲಿನ ಏರು ಹತ್ತೋದ್ರೊಳಗೆ ಇದು ಕುದಿಯುತ್ತೆ. ಇವತ್ತು ನೀನು ರಿಪೇರಿ ಮಾಡಿದ್ಮೇಲೂ ಕುದಿದ್ರೆ ಸಂಜೆ ಗುಜರಿಯವನು ಬಂದು ಎಳ್ಕೊಂಡು ಹೋಗ್ತಾನೆ. ಮಾತಾಡಿ ಆಗಿದೆ."

"ಅಮ್ಮನ ಗಾಡೀನ ಗುಜರಿಗಾ?"

"ಅಮ್ಮ ಓಡಿಸ್ತಿದ್ದಾಗ ಕುದೀತಿರಲಿಲ್ಲ."

ಗಾಡಿ ತಣಿಯುವವರೆಗೆ ಕೊತಕೊತ ಕುದಿದ. ಆಮೇಲೆ ರೇಡಿಯೇಟರಿನ ಮುಚ್ಚಳ ತಿರುಗಿಸಿದ. ಒಳಗಿಂದ ಎದ್ದ ನಾತಕ್ಕೆ ಎದುರಂಗಡಿಯ ಟೈಲರ್ ಕಿಟಕಿ ಮುಚ್ಚಿಕೊಂಡ. ಬೆರಳು ಹಾಕಿದರೆ ಮೆತ್ತನೆಯ ಬಿಳಿ ಚೂರು ಬಂತು.

"ಇದೇನಿದು?"

ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವ ಭಾವ ಪಿಕಪ್ಪಿನ ಹಿಂಭಾಗದಲ್ಲಿ ಬಟ್ಟೆಗಂಟುಗಳ ನಡುವಿನಿಂದ ತಲೆ ಎತ್ತಿದರು. "ಮೊಟ್ಟೆ. ಸ್ವಲ್ಪ ಸೋರ್ತಿತ್ತು. ಬಿಸಿ ನೀರಲ್ಲಿ ಬೆಂದು ತೂತು ಮುಚ್ಚುತ್ತೆ ಅಂತ ಒಬ್ಬ ಲಾರಿ ಡ್ರೈವರ್ ಹೇಳಿದ."

"ಎಷ್ಟು ಹಾಕಿದ್ರಿ?"

"ಅರ್ಧ ಡಜನ್. ತೂತು ಎಷ್ಟು ದೊಡ್ಡದೋ ಗೊತ್ತಿರಲಿಲ್ಲ."

ಮಹಾಯುದ್ಧ ಶುರುವಾಯಿತು. ಭಾವ ಹಿರಿಯರಾದ್ದರಿಂದ ಬೈಗುಳವೂ ಬಹುವಚನದಲ್ಲೇ ನಡೆಯಿತು. "ತಾವು ಮನುಷ್ಯರಾ ಭಾವ? ಇದೇನು ರೇಡಿಯೇಟರೋ ತಮ್ಮ ಅಡುಗೆ ಪಾತ್ರೆಯೋ? ಉಪ್ಪು ಯಾಕೆ ಮರೆತ್ರಿ?" ಬೈಯುತ್ತಲೇ ರೇಡಿಯೇಟರ್ ಬಿಚ್ಚಿದ. ಬೈಯುತ್ತಲೇ ಬೆಂಕಿ ತೋರಿಸಿ ಮೇಲಿನ ಹಿತ್ತಾಳೆ ಟ್ಯಾಂಕು ಕಳಚಿದ. ಒಂದೊಂದು ನಳಿಗೆಗೂ ಉದ್ದನೆಯ ಕಡ್ಡಿ ತೂರಿಸಿ ಬೆಂದ ಮೊಟ್ಟೆಯನ್ನು ಹೊರಗಟ್ಟಿದ. ತೂತು ಸಾಸಿವೆಯಷ್ಟಿತ್ತು. ಬೆಸುಗೆ ಹಾಕುವಾಗ ಮಾತ್ರ ಸುಮ್ಮನಿದ್ದ. ಏನಾಯಿತೋ ಎಂದು ಟೈಲರ್ ಗಾಬರಿಯಿಂದ ಇಣುಕಿದ. ಭಾವ ಟಾರ್ಚು ಹಿಡಿದು ನಿಂತಿದ್ದರು.

ಮಧ್ಯಾಹ್ನಕ್ಕೆ ಎಲ್ಲ ಜೋಡಿಸಿ, ನೀರು ತುಂಬಿ, ಎಂಜಿನ್ ಚಾಲೂ ಮಾಡಿದ. ಗೆದ್ದ ದೊರೆಯ ಗತ್ತಿನಲ್ಲಿ ಹಳೇ ಪೇಪರಿನ ಹಾಳೆಯೊಂದನ್ನು ರೇಡಿಯೇಟರಿನ ಮುಂದೆ ಹಿಡಿದ. ಅದು ಅವನ ಕಡೆಯ ಪರೀಕ್ಷೆ. ಹಿಂದಿರುವ ಫ್ಯಾನು ಸರಿಯಾಗಿ ಗಾಳಿ ಎಳೆದರೆ ಹಾಳೆ ಫಟ್ಟನೆ ಅಂಟಿಕೊಳ್ಳಬೇಕು. ಹಾಳೆ ಒಂದು ಕ್ಷಣ ಯೋಚಿಸಿತು, ಜಾರಿ ಅವನ ಕಾಲ ಬುಡಕ್ಕೆ ಬಿತ್ತು. ಮತ್ತೆ ಹಿಡಿದ. ಮತ್ತೆ ಬಿತ್ತು.

ಎಂಜಿನ್ ನಿಲ್ಲಿಸಿ ಬಗ್ಗಿ ನೋಡಿದ. ಫ್ಯಾನಿನ ರೆಕ್ಕೆಗಳ ಉಬ್ಬು ರೇಡಿಯೇಟರಿನ ಕಡೆಗಿರಬೇಕಿತ್ತು, ಎಂಜಿನಿನ ಕಡೆಗಿತ್ತು. ಹಿಂದುಮುಂದಾಗಿ ಕೂರಿಸಿದ ಫ್ಯಾನು ಏರಿನಲ್ಲಿ ಎಷ್ಟು ಸುತ್ತಿದರೂ ಗಾಳಿ ಸಾಲದು. ಬೆಳಗಿನಿಂದ ಅದರ ಎದುರಿಗೇ ನಿಂತು ಬೈದಿದ್ದ, ನೋಡಿರಲಿಲ್ಲ.

"ಯಾವ ಕತ್ತೆ ಈ ಫ್ಯಾನು ಹಾಕಿದ್ದು?"

ಟಾರ್ಚು ಅಲುಗಲಿಲ್ಲ. "ಹೋದ ತಿಂಗಳು ಫ್ಯಾನು ಬಿಚ್ಚಿ ನೀರಿನ ಪಂಪು ಬದಲಾಯಿಸಿದ್ದು ನೀನೇ ಅಲ್ವೇನಪ್ಪ," ಎಂದರು ಭಾವ. "ಅವತ್ತು ಬೆಲ್ಟಿಗೆ ಬೈತಾ ಇದ್ದೆ."

ಅಕ್ಕ ಸೊಂಟದ ಮೇಲೆ ಕೈಯಿಟ್ಟು ನೋಡಿದಳು. ಎಲ್ಲವನ್ನೂ ಮೊಟ್ಟೆಯ ತಲೆಗೆ ಕಟ್ಟಲು ಅವನಿಗೆ ಒಳ್ಳೆಯ ಅವಕಾಶವಿತ್ತು. ಬಾಯಿ ತೆರೆದ. ಬಾಗಿಲ ಮೇಲಿನ ಅಕ್ಷರ ಕಂಡು ಮುಚ್ಚಿದ.

"ಆ ಕತ್ತೆಗೇ ಬೈತಾ ಇದ್ದೀನಿ," ಅಂದ ಹಲ್ಲು ಕಚ್ಚಿ. "ನಡುವೆ ಬಾಯಿ ಹಾಕ್ಬೇಡಿ."

ಫ್ಯಾನು ಬಿಚ್ಚಿ ತಿರುಗಿಸಿ ಹಾಕುವಷ್ಟು ಹೊತ್ತೂ ತನಗೆ ತಾನೇ ಬೈದುಕೊಂಡ. ಈ ಸಲ ಏಕವಚನದಲ್ಲಿ. ಟೈಲರ್ ಕೆಲಸ ಬಿಟ್ಟು ಸ್ಟೂಲು ಹೊರಗೆ ತಂದು ಹಾಕಿಕೊಂಡ. ಎಂಜಿನ್ ಚಾಲೂ ಆಗುತ್ತಲೇ ಹಾಳೆ ಫಟ್ಟೆಂದು ಅಂಟಿತು.

ಗುಡ್ಡದ ಏರಿನಲ್ಲಿ ಮುಂದಿನ ಸೀಟಿನಲ್ಲಿ ಒತ್ತಿಕೊಂಡು ಕೂತ ಮೂವರ ಕಣ್ಣೂ ಬಿಸಿ ತೋರಿಸುವ ಮುಳ್ಳಿನ ಮೇಲೆ. ಮುಳ್ಳು ಅರ್ಧಕ್ಕೆ ಬಂದು ಅಲ್ಲೇ ಕೂತುಬಿಟ್ಟಿತು. ಹೋಟೆಲಿನ ಹಿಂಬಾಗಿಲಲ್ಲಿ ಗಾಡಿ ನಿಲ್ಲಿಸಿ ಅಕ್ಕ ಗುಜರಿಯವನಿಗೆ ಫೋನು ಮಾಡಿದಳು: "ಬರೋದು ಬೇಡ ಕಣಪ್ಪ."

"ಹಾಗಾದ್ರೆ ಮೊಟ್ಟೇದೇನೂ ತಪ್ಪಿಲ್ಲ," ಎಂದರು ಭಾವ ಮೆಲ್ಲಗೆ.

"ಮೊಟ್ಟೇದು ತಪ್ಪಿಲ್ಲ, ಹಾಕಿದವರದು ಇದೆ. ಅಮ್ಮನ ಗಾಡಿಗೆ ಒಂದಲ್ಲ, ಎರಡು ಕತ್ತೆ ಗಂಟುಬಿದ್ದಿವೆ."

"ಒಳ್ಳೇದೇ ಆಯ್ತು," ಎಂದು ಭಾವ ಹಿಂದೆ ಹೋಗಿ ದೊಡ್ಡ ಗಂಟೊಂದರ ತುದಿ ಹಿಡಿದರು. "ಆ ಕಡೆ ನೀನು ಎತ್ತು."

ಕೊತಕೊತ ಬೈಯುತ್ತಲೇ ಎತ್ತಿದ.